ಡಾಂಗ್ ಗುಡ್ಡಗಳಲ್ಲಿ ನಾಲ್ಕು ದಿನ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಸಲದ ಉತ್ತರಾಯಣದ ರಜೆಯಲ್ಲಿ ನಾವು ಹನ್ನೊಂದು ಮಂದಿ ಡಾಂಗ್ ಜಿಲ್ಲೆಯ ಗುಡ್ಡಗಾಡಿನಲ್ಲಿ ನಡೆದು ಬಂದೆವು. ಹೋಗುವ ಮೊದಲು ಇದೇ ಕೋಣೆಯಲ್ಲಿ ಕುಳಿತು ಲೆಕ್ಕ ಹಾಕಿದ್ದೆವು. ಬಂದ ಮೇಲೆ ಇಲ್ಲಿಯೇ ಲೆಕ್ಕ ಒಪ್ಪಿಸಬೇಕೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಹಣದ ಲೆಕ್ಕವನ್ನು ಅವರ ಕೈಗೆ ಕೊಟ್ಟಿದ್ದೇವೆ. ಉಳಿದ ಲೆಕ್ಕವನ್ನು ಈಗ ಒಪ್ಪಿಸುತ್ತೇವೆ. ನಾವು ಹನ್ನೊಂದು ಮಂದಿಯೂ ಒಂದೇ ಅಭಿಪ್ರಾಯದವರಲ್ಲ. ಭಿನ್ನಾಭಿಪ್ರಾಯ ಬಂದ ಕಡೆ ಅದನ್ನೂ ಮುಚ್ಚದೆ ಹೇಳುತ್ತೇವೆ.

ವಟ್ವಾದ ಕಾರ್ಖಾನೆಗಳಲ್ಲಿ ದುಡಿಯುವವನಿಗೆ ರಜೆ ಸಿಕ್ಕರೆ ಊರಿಗೆ ಹೋಗಬೇಕು, ಗುಡ್ಡ ಹತ್ತುವುದೇಕೆ ಎಂದು ಕೆಲವರು ಕೇಳಿದರು. ಕೇಳಿದ್ದು ನ್ಯಾಯವೇ. ಆದರೆ ನಾಲ್ಕು ದಿನದ ರಜೆಯಲ್ಲಿ ರಾಯಚೂರಿಗೋ ಹಾಸನಕ್ಕೋ ಹೋಗಿ ಬರುವುದೆಂದರೆ ಬಹುಪಾಲು ರೈಲಿನಲ್ಲಿಯೇ ಕಳೆದುಹೋಗುತ್ತದೆ. ಊರಿಗೆ ಸಾಲದ, ಕೋಣೆಯಲ್ಲಿ ಮಲಗಿ ಕಳೆಯಲಾಗದ ರಜೆ ಅದು. ಅಲ್ಲದೆ ನಮ್ಮಲ್ಲಿ ಮಲೆನಾಡಿನವರು ಮೂವರಿದ್ದರು. ಇಲ್ಲಿಗೆ ಬಂದು ಹತ್ತು ಹದಿನೈದು ವರ್ಷವಾದರೂ ಒಂದು ಬೆಟ್ಟ ಹತ್ತಿರಲಿಲ್ಲ. ನಮ್ಮ ಆಗುಂಬೆ, ಕೊಡಚಾದ್ರಿ, ಕುದುರೆಮುಖಗಳಿರುವ ಸಹ್ಯಾದ್ರಿಯೇ ಗುಜರಾತಿನ ದಕ್ಷಿಣದ ಮೂಲೆಯನ್ನೂ ಮುಟ್ಟಿದೆ; ತಾಪಿ ನದಿಯ ದಕ್ಷಿಣಕ್ಕೆ ತಲೆಯೆತ್ತಿ ಕನ್ಯಾಕುಮಾರಿಯ ಕಡೆಗೆ ಸುಮಾರು ೧೬೦೦ ಕಿಲೋಮೀಟರು ಹರಿದಿದೆ ಎಂದು ತಿಳಿದಾಗ, ಅದರ ಈ ತುದಿಯನ್ನಾದರೂ ನೋಡೋಣವೆಂದು ಹೊರಟೆವು.

ಪ್ರವಾಸದ ಏರ್ಪಾಟನ್ನು ನಗರದ ಒಬ್ಬ ಗುತ್ತಿಗೆದಾರರಿಗೆ ವಹಿಸಿದೆವು. ಅವರ ಕರಪತ್ರದಲ್ಲಿ 'ಮಾರ್ಗದರ್ಶಕನೊಡನೆ ಬೆಟ್ಟದ ನಡಿಗೆ, ಆದಿವಾಸಿ ಹಳ್ಳಿಯ ದರ್ಶನ, ರಾತ್ರಿ ಆದಿವಾಸಿ ನೃತ್ಯ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಈ ಮೂರು ಮಾತುಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಬಂದ ತೊಡಕಿಗೆಲ್ಲ ಇದೇ ಮೂಲ.

ಅಹಮದಾಬಾದಿನಲ್ಲಿ ರಾತ್ರಿಯ ಬಂಡಿ ಹತ್ತಿದೆವು. ಅದು ನಮ್ಮ ವಟ್ವಾ ನಿಲ್ದಾಣವನ್ನು ನಿಲ್ಲದೆ ದಾಟಿತು. ಬಿಲಿಮೋರಾ ಇಲ್ಲಿಂದ ಸುಮಾರು ೨೮೦ ಕಿಲೋಮೀಟರು, ಸೂರತ್ ಮತ್ತು ನವಸಾರಿಗಳನ್ನು ದಾಟಿದ ಮೇಲೆ ಸಿಗುತ್ತದೆ. ಅಲ್ಲಿಂದ ವಘಯಿಗೆ ೬೩ ಕಿಲೋಮೀಟರಿನ ಒಂದು ಕಿರುಹಳಿ ಉಂಟು. ಬರೋಡದ ಗಾಯಕವಾಡ ಸಂಸ್ಥಾನವು ಮೂರನೆಯ ಸಯಾಜಿರಾಯರ ಕಾಲದಲ್ಲಿ ಹಾಕಿಸಿದ್ದು; ಶತಮಾನ ದಾಟಿದ ಹಳಿ. ಎರಡೂವರೆ ಅಡಿ ಅಗಲದ ಈ ಹಳಿಯ ಮೇಲೆ ಬಂಡಿ ಸುಮಾರು ಮೂರು ತಾಸು ತೆವಳುತ್ತದೆ. ೨೦೨೦ರಲ್ಲಿ ನಿಂತಿದ್ದ ಸಂಚಾರ ೨೦೨೧ರಲ್ಲಿ ಮತ್ತೆ ಆರಂಭವಾಯಿತು. ಹೋಗುವವರು ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಗಣದೇವಿ, ಅನಾವಲ, ಬಿಸಿನೀರಿನ ಬುಗ್ಗೆಯಿರುವ ಉನಾಯಿ, ಹೀಗೆ ಒಂದೊಂದೇ ನಿಲ್ದಾಣ ಹಿಂದೆ ಸರಿಯಿತು. ಇಕ್ಕೆಲದಲ್ಲಿಯೂ ಮಾವು, ಚಿಕ್ಕು, ಆಳೆತ್ತರದ ಕಬ್ಬು. ಕಬ್ಬಿನ ಗದ್ದೆಗಳ ಬದಿಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲುಗಳ ಸಾಲು ಕಂಡಿತು. ಕಂಡಿತು ಎಂದರೆ ಕಣ್ಣಿಗೆ ಬಿತ್ತು, ಅಷ್ಟೆ. ನಾವು ಎಳ್ಳುಬೆಲ್ಲದ ಡಬ್ಬಿ ಬಿಚ್ಚಿ ಮಾತಿನಲ್ಲಿ ಮುಳುಗಿದ್ದೆವು.

ವಘಯಿಯಿಂದ ಡಾಂಗ್ ಪ್ರಾರಂಭ. ಗುಜರಾತಿನಲ್ಲಿ ಅತಿ ಕಡಿಮೆ ಜನಸಂಖ್ಯೆಯ ಜಿಲ್ಲೆ ಇದು. ೨೦೧೧ರ ಜನಗಣತಿಯಂತೆ ಇಲ್ಲಿದ್ದವರು ೨,೨೮,೨೯೧ ಮಂದಿ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪರಿಶಿಷ್ಟ ಪಂಗಡದವರು. ಭಿಲ್ಲರು, ಕುಂಕಣರು, ವಾರ್ಲಿಗಳು, ಗಾಮಿತರು, ಬಿದಿರಿನ ಕೆಲಸದ ಕೋಟ್ವಾಲಿಯಾಗಳು ಇಲ್ಲಿಯ ಮುಖ್ಯ ಜನ. ಅಂಬಿಕಾ, ಪೂರ್ಣಾ, ಖಾಪ್ರಿ, ಗಿರಾ ಎಂಬ ನದಿಗಳು ಈ ಗುಡ್ಡಗಳ ನಡುವೆ ಹರಿಯುತ್ತವೆ. ಬೆಟ್ಟದ ತುಂಬ ತೇಗ ಮತ್ತು ಬಿದಿರು. ಜನವರಿಯಲ್ಲಿ ತೇಗದ ಎಲೆ ಒಣಗಿ ಕಾಲಡಿಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ಮೊದಲ ರಾತ್ರಿ ಅರಣ್ಯ ಇಲಾಖೆಯ ಕಿಲಾದ್ ಶಿಬಿರದಲ್ಲಿ ತಂಗಿದೆವು. ಎರಡನೆಯ ದಿನ ಜಿಲ್ಲೆಯ ಮುಖ್ಯ ಪಟ್ಟಣವಾದ ಆಹವಾ ದಾಟಿ, ಪೂರ್ಣಾ ಅಭಯಾರಣ್ಯದ ಮಹಾಲಿನ ಕಡೆ ನಡೆದೆವು.

ನಮ್ಮ ಮಾರ್ಗದರ್ಶಕ ಇಪ್ಪತ್ತೆರಡು ಇಪ್ಪತ್ತಮೂರರ ಯುವಕ, ಕುಂಕಣ ಜನದವನು. ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮನೆಯಲ್ಲಿ ತನ್ನ ಮಾತು, ಶಾಲೆಯಲ್ಲಿ ಕಲಿತದ್ದು ಗುಜರಾತಿ, ಗಡಿಯ ಸಂತೆಯಲ್ಲಿ ಮರಾಠಿ, ನಮ್ಮೊಡನೆ ಹಿಂದಿ: ನಾಲ್ಕು ಭಾಷೆಯನ್ನು ಅವನು ಸಲೀಸಾಗಿ ಆಡುತ್ತಿದ್ದ. ಅವನ ಮಾತು ಗುಜರಾತಿಯೋ ಮರಾಠಿಯೋ ಎಂದು ನಮ್ಮಲ್ಲೊಬ್ಬರು ಕೇಳಿದರು. ಈ ಪ್ರಶ್ನೆ ಹೊಸದಲ್ಲ. ೧೯೪೯ರಲ್ಲಿ ಮುಂಬಯಿ ಪ್ರಾಂತ್ಯದ ಬಿ. ಜಿ. ಖೇರರೂ ಮೊರಾರ್ಜಿ ದೇಸಾಯಿಯವರೂ ಡಾಂಗಿಗೆ ಬಂದು ನೋಡಿ, ಇಲ್ಲಿಯ ಆಡುಮಾತು ಗುಜರಾತಿಗೆ ಹತ್ತಿರವೆಂದರು. ಮರಾಠಿಯವರು ಅದನ್ನು ಒಪ್ಪಲಿಲ್ಲ. ಹನ್ನೊಂದು ವರ್ಷ ವಾದ ನಡೆದು, ೧೯೬೦ರ ಮೇ ೧ರಂದು ಎರಡು ರಾಜ್ಯಗಳು ಬೇರೆಯಾದಾಗ ಡಾಂಗ್ ಗುಜರಾತಿಗೆ ಸೇರಿತು. ಯುವಕ ನಕ್ಕು, "ನಾವು ಆಡುವುದು ನಮ್ಮದನ್ನೇ" ಎಂದ. ಕಾಸರಗೋಡು, ಅಕ್ಕಲಕೋಟೆಗಳ ಹೆಸರನ್ನು ಕೇಳಿ ಬೆಳೆದ ನಮಗೆ ಆ ಉತ್ತರದ ಅರ್ಥ ಬೇಗನೆ ಹತ್ತಿತು.

ಹಾದಿಯಲ್ಲಿ ಒಂದೆಡೆ ನೆಟ್ಟ ಮರದ ಕಂಬವನ್ನು ತೋರಿಸಿದ. ಹುಲಿ, ಹಾವು, ಸೂರ್ಯ, ಚಂದ್ರ ಕೆತ್ತಿದ್ದವು. ಅದು ವಾಘದೇವ, ಹುಲಿರಾಯ. ದೀಪಾವಳಿಗೆ ಮುನ್ನ ವಾಘಬಾರಸದ ದಿನ ದನ ಕಾಯುವವರು ಅವನಿಗೆ ಪೂಜೆ ಸಲ್ಲಿಸುತ್ತಾರೆ. ಈ ಕಾಡಿನಲ್ಲಿ ಹುಲಿ ನೆಲೆ ಕಳೆದುಕೊಂಡು ದಶಕಗಳೇ ಆದವು. ಪೂಜೆ ಮಾತ್ರ ನಿಂತಿಲ್ಲ. ಉತ್ತರಕನ್ನಡದ ನಮ್ಮ ಮಿತ್ರರು ತಮ್ಮ ಕಡೆಯ ಹುಲಿದೇವರನ್ನು ನೆನೆದು ಕೈ ಮುಗಿದರು.

ಮೂರನೆಯ ದಿನ ಬೆಳಿಗ್ಗೆ ಸುಬೀರಿನ ಶಬರಿಧಾಮಕ್ಕೆ ಹೋದೆವು. ಶಬರಿಯು ಶ್ರೀರಾಮನಿಗೆ ಬೋರೆಹಣ್ಣು ಕೊಟ್ಟ ಸ್ಥಳ ಇದೇ ಎಂದು ಅಲ್ಲಿಯವರ ನಂಬಿಕೆ. ಕೆಲವು ಕಿಲೋಮೀಟರಿನಾಚೆ ಪಂಪಾ ಸರೋವರವೂ ಇದೆ ಎಂದು ಯುವಕ ಹೇಳಿದೊಡನೆ ನಮ್ಮ ಗಂಗಾವತಿಯ ಮಿತ್ರರು ನಡೆಯುತ್ತಿದ್ದವರು ನಿಂತುಬಿಟ್ಟರು. "ಪಂಪಾ ಸರೋವರ ಇರುವುದು ನಮ್ಮ ಆನೆಗೊಂದಿಯ ಹತ್ತಿರ. ಶಬರಿಯ ಗುಹೆಯೂ ಅಲ್ಲೇ. ಅಂಜನಾದ್ರಿಯೂ ಅಲ್ಲೇ" ಎಂದು ವಾದ ಹೂಡಿದರು. ಅಂಜನಿಯ ಬೆಟ್ಟವೂ ನಮ್ಮಲ್ಲಿದೆ ಎಂದು ಯುವಕ ಅಂದಾಗ ವಾದ ಇನ್ನೂ ಬಿಸಿಯಾಯಿತು. ಕೊನೆಗೆ ನಮ್ಮಲ್ಲಿ ಹಿರಿಯರೊಬ್ಬರು ಹೇಳಿದರು: "ಶಬರಿ ಎಲ್ಲಿದ್ದಳೋ ಇರಲಿ. ರಾಮ ಅವಳ ಮನೆಗೆ ಹೇಗೆ ಹೋದ ಎಂಬುದು ಮುಖ್ಯ. ಕೊಟ್ಟದ್ದನ್ನು ತಿಂದ, ಅದು ತೋರಿಸು, ಇದು ಕುಣಿ ಎನ್ನಲಿಲ್ಲ." ಆಗ ಎಲ್ಲರೂ ನಕ್ಕೆವು. ಅದೇ ದಿನ ಸಂಜೆ ಈ ಮಾತು ನಮಗೇ ತಿರುಗಿ ಬಂತು.

ಮಧ್ಯಾಹ್ನದಿಂದ ಎರಡು ಏಣುಗಳನ್ನು ಹತ್ತಿ ಇಳಿದು, ಹೊತ್ತು ಮುಳುಗುವ ಮುಂಚೆ ಒಂದು ಹಳ್ಳಿ ಸೇರಿದೆವು. ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿದ ಗೋಡೆ, ಹೆಂಚಿನ ಮಾಡು, ಗುಡಿಸಿ ಸಾರಿಸಿದ ಅಂಗಳ. ಊರು ಬಹಳ ಚೊಕ್ಕಟ. ಆದರೆ ಏನೋ ಕೊರತೆ ಎನ್ನಿಸಿತು. ಸಂಜೆಯ ಹೊತ್ತಿನಲ್ಲಿಯೂ ಹೆಚ್ಚಿನ ಮನೆಗಳಿಂದ ಹೊಗೆ ಏಳುತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಬಾಗಿಲುಗಳಿಗೆ ಬೀಗ. ಒಂದು ಸಾಲಿನಲ್ಲಿ ಒಂಬತ್ತು ಮನೆ ಎಣಿಸಿದೆವು. ಆರಕ್ಕೆ ಬೀಗ ಬಿದ್ದಿತ್ತು. ಉಳಿದ ಮನೆಗಳಲ್ಲಿ ಮುದುಕ ಮುದುಕಿಯರು, ಒಂದಿಷ್ಟು ಮಕ್ಕಳು, ಕೋಳಿಗಳು.

ಗುತ್ತಿಗೆದಾರರ ಕಡೆಯವನೊಬ್ಬ ಜೀಪಿನಲ್ಲಿ ಮೊದಲೇ ಬಂದಿದ್ದ. ರಾತ್ರಿಯ ನೃತ್ಯಕ್ಕೆ ಜನ ಕೂಡಿಸುತ್ತಿದ್ದ. ಡಾಂಗಿನ ನೃತ್ಯಕ್ಕೆ ಪಾವ್ರಿ ಬೇಕು. ಸೋರೆಬುರುಡೆ ಮತ್ತು ಬಿದಿರಿನಿಂದ ಮಾಡಿದ ಊದುವ ವಾದ್ಯ ಅದು. ಆ ಹಳ್ಳಿಯ ಪಾವ್ರಿಯವನು ಊರಲ್ಲಿರಲಿಲ್ಲ. ಕುಣಿಯುವ ಪ್ರಾಯದವರೂ ಇರಲಿಲ್ಲ. ಸಿಕ್ಕಿದವರು ಇಬ್ಬರು ವೃದ್ಧರು, ಏಳೆಂಟು ಶಾಲೆಯ ಮಕ್ಕಳು. ವೃದ್ಧರಲ್ಲಿ ಒಬ್ಬರು ಆಗಲೇ ಹಾಸಿಗೆ ಹಿಡಿದಿದ್ದವರಂತೆ ಕಾಣುತ್ತಿದ್ದರು. ಕಂಬಳಿ ಹೊದ್ದು ಕೆಮ್ಮುತ್ತಿದ್ದರು. ಆತ ಅವರಿಗೆ ಬಣ್ಣದ ರುಮಾಲು ಸುತ್ತಿಸುತ್ತಿದ್ದ.

ಇಲ್ಲಿ ನಮ್ಮೊಳಗೆ ಭೇದ ಹುಟ್ಟಿತು. ಕೆಲವರು, "ದುಡ್ಡು ಕೊಟ್ಟಿದ್ದೇವೆ, ಕರಪತ್ರದಲ್ಲಿ ಬರೆದಿದ್ದಾರೆ, ಐದು ನಿಮಿಷವಾದರೂ ಕುಣಿಯಲಿ, ಒಂದು ಚಿತ್ರ ತೆಗೆದು ಮನೆಗೆ ಕಳಿಸೋಣ" ಎಂದರು. ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಹೆಚ್ಚು ಹೊತ್ತು ದುಡಿದು ಗಳಿಸಿದ ಹಣ. ಕೊಟ್ಟ ಹಣಕ್ಕೆ ಸರಕು ಕೇಳುವುದು ಸಹಜ. ಉಳಿದವರು ಬೇಡವೆಂದರು. ಮಾತು ಕನ್ನಡದಲ್ಲಿ ನಡೆದಿತ್ತಾದ್ದರಿಂದ ಊರವರಿಗೆ ಪದ ತಿಳಿಯದಿದ್ದರೂ ವಿಷಯ ತಿಳಿದೇ ಇರಬೇಕು. ಆಗ ವಿಜಯಪುರದ ಕಡೆಯ ನಮ್ಮ ಮಿತ್ರರು, ಅಲ್ಲಿಯ ತನಕ ಸುಮ್ಮನೆ ಬೀಗಗಳನ್ನೇ ನೋಡುತ್ತಿದ್ದವರು, ಮೆಲ್ಲನೆ ಒಂದು ಮಾತು ಹೇಳಿದರು: "ಈ ತಿಂಗಳಲ್ಲಿ ನಮ್ಮ ತಾಂಡಾಕ್ಕೆ ಹೋದರೂ ಹೀಗೇ ಇರುತ್ತದೆ. ನನ್ನ ಅಪ್ಪನೂ ಕೆಮ್ಮುತ್ತಾ ಕೂತಿರುತ್ತಾರೆ. ಅವರಿಗೆ ಯಾರಾದರೂ ರುಮಾಲು ಸುತ್ತಿ ಕುಣಿಸಿದರೆ?"

ಮತ್ತೆ ಯಾರೂ ಮಾತಾಡಲಿಲ್ಲ. ನೃತ್ಯಕ್ಕೆಂದು ಇಟ್ಟಿದ್ದ ಹಣವನ್ನು ಆ ಇಬ್ಬರು ಹಿರಿಯರ ಕೈಗೇ ಕೊಟ್ಟು, ಕುಣಿತ ಬೇಡವೆಂದೆವು. ಜೀಪಿನವನಿಗೆ ಸಿಟ್ಟು ಬಂತು. ನಮ್ಮಲ್ಲಿ ಇಬ್ಬರಿಗೆ ಇವತ್ತಿಗೂ ಅಸಮಾಧಾನ ಉಂಟು. ಅವರು ಇಲ್ಲಿಯೇ ಕುಳಿತಿದ್ದಾರೆ, ಅವರ ಮಾತಿಗೂ ಇಂದು ಅವಕಾಶವಿದೆ.

ಯುವಕ ಇದನ್ನೆಲ್ಲ ನೋಡಿ, ನಮ್ಮನ್ನು ಶಾಲೆಯ ಜಗುಲಿಗೆ ಕರೆದೊಯ್ಯುವ ಬದಲು ಒಂದು ಮನೆಯ ಮುಂದೆ ನಿಲ್ಲಿಸಿ, ಜೇಬಿನಿಂದ ಕೀಲಿಕೈ ತೆಗೆದು ಬೀಗ ತೆರೆದ. ಅದು ಅವನದೇ ಮನೆ. ತಂದೆ, ತಾಯಿ, ತಂಗಿ ಮೂವರೂ ದೀಪಾವಳಿ ಮುಗಿದೊಡನೆ ಕಬ್ಬು ಕಡಿಯಲು ಹೋಗಿದ್ದರು. ಪಕ್ಕದ ಮನೆಯ ಅವನ ಅಜ್ಜಿ ಬಂದು ಒಲೆ ಹಚ್ಚಿದರು. ರೊಟ್ಟಿ ತಟ್ಟಿ, ಉದ್ದಿನಬೇಳೆಯ ಸಾರು ಕುದಿಸಿದರು. ರೊಟ್ಟಿಯ ಬಣ್ಣ ನೋಡಿ ನಮ್ಮ ಮಂಡ್ಯದವರು ಎದ್ದು ನಿಂತರು. ಅದು ರಾಗಿರೊಟ್ಟಿ! ಡಾಂಗಿನವರು ರಾಗಿಗೆ ನಾಗ್ಲಿ ಎನ್ನುತ್ತಾರೆ. ಗುಡ್ಡದ ಇಳಿಜಾರಿನಲ್ಲಿ ಅವರು ಬೆಳೆಯುವ ಮುಖ್ಯ ಧಾನ್ಯಗಳಲ್ಲಿ ಅದೊಂದು. ವಟ್ವಾದಲ್ಲಿ ರಾಗಿಹಿಟ್ಟಿಗಾಗಿ ಊರಿಂದ ಬರುವವರ ದಾರಿ ಕಾಯುವ ನಮಗೆ, ಇದೇ ರಾಜ್ಯದ ಒಂದು ಮೂಲೆಯಲ್ಲಿ ಅದು ದಿನದ ಊಟವಾಗಿದೆ ಎಂಬುದು ಗೊತ್ತೇ ಇರಲಿಲ್ಲ. ನಾವು ಉಳಿಸಿಕೊಂಡಿದ್ದ ಎಳ್ಳುಬೆಲ್ಲವನ್ನು ಅಜ್ಜಿಗೆ ಕೊಟ್ಟೆವು. ಯಾರಿಗೂ ಯಾರ ಭಾಷೆಯೂ ಬಾರದು. ಬೆಲ್ಲಕ್ಕೆ ಭಾಷೆ ಬೇಕಾಗಲಿಲ್ಲ.

ಆ ರಾತ್ರಿ ಬೆಂಕಿಯ ಸುತ್ತ ಕುಳಿತು ಯುವಕ ಹೇಳಿದ ಸಂಗತಿಗಳನ್ನೂ, ಬಂದ ಮೇಲೆ ನಾವು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಹೇಳುತ್ತೇವೆ. ಇಷ್ಟು ಕಾಡು, ಇಷ್ಟು ಮಳೆ ಇರುವ ಸೀಮೆಯವರು ಮನೆಗೆ ಬೀಗ ಹಾಕಿ ಹೋಗುವುದೇಕೆ?

ಮಳೆ ಇಲ್ಲಿ ವರ್ಷಕ್ಕೆ ೨೦೦೦ ಮಿಲಿಮೀಟರಿನ ಆಸುಪಾಸು ಸುರಿಯುತ್ತದೆ. ಆದರೆ ಇಳಿಜಾರಿನಲ್ಲಿ ನೀರು ನಿಲ್ಲದೆ ಹರಿದುಹೋಗುತ್ತದೆ. ನಾಗ್ಲಿ, ಭತ್ತ, ಉದ್ದಿನ ಒಂದು ಬೆಳೆ ಕೈಗೆ ಬಂದ ಮೇಲೆ ಹೊಲಕ್ಕೆ ನೀರಿಲ್ಲ. ಬೇಸಿಗೆಯಲ್ಲಿ ಕುಡಿಯುವ ನೀರಿಗೂ ತಾಪತ್ರಯ. ಇನ್ನು ಕಾಡು. ಹಿಂದೆ ಇಲ್ಲಿ ಭಿಲ್ಲ ನಾಯಕರ ಆಳ್ವಿಕೆಯಿತ್ತು. ೧೮೪೨ರಲ್ಲಿ ಆಂಗ್ಲರು ಅವರಿಂದ ಕಾಡನ್ನು ಗುತ್ತಿಗೆ ಹಿಡಿದರು. ಡಾಂಗಿನ ತೇಗಕ್ಕೆ ಹಡಗು ಕಟ್ಟುವ ಮುಂಬಯಿಯಲ್ಲಿ ಬೇಡಿಕೆ ಇತ್ತು. ಮುಂದೆ ಕಾಡನ್ನು ಕಾಯ್ದಿರಿಸಿ, ಜನ ಕುಮರಿ ಬೇಸಾಯ ಮಾಡುವುದನ್ನು ಕಟ್ಟುಮಾಡಿದರು. ಗುತ್ತಿಗೆಗೆ ಪ್ರತಿಯಾಗಿ ಸಲ್ಲುತ್ತಿದ್ದ ಹಣದ ನೆನಪಾಗಿ ಇಂದಿಗೂ ಹೋಳಿಗೆ ಮುಂಚೆ ಆಹವಾದಲ್ಲಿ ಡಾಂಗ್ ದರ್ಬಾರು ಸೇರುತ್ತದೆ; ಐದು ಹಳೆಯ ರಾಜಮನೆತನದವರಿಗೆ ಸರ್ಕಾರ ಗೌರವಧನ ಕೊಡುತ್ತದೆ. ರಾಜರಿಗೆ ಗೌರವಧನ ಉಳಿಯಿತು, ಪ್ರಜೆಗಳಿಗೆ ಕಾಡು ಉಳಿಯಲಿಲ್ಲ. ೨೦೦೬ರ ಅರಣ್ಯಹಕ್ಕು ಕಾಯಿದೆ ಬಂದ ಮೇಲೆ ಸಾಗುವಳಿಯ ಹಕ್ಕುಪತ್ರ ಕೇಳುವ ದಾರಿ ತೆರೆದಿದೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅದೇ ಕಾಯಿದೆಯಂತೆ ೨೦೧೧ರಲ್ಲಿ ಹುಲಿ ಸಂರಕ್ಷಿತ ಕಾಡಿನೊಳಗೆ ಸಾಮುದಾಯಿಕ ಹಕ್ಕು ಪಡೆದರು.

ಬೆಳೆಯೂ ಸಾಲದು, ಕಾಡೂ ತಮ್ಮದಲ್ಲ. ಹೀಗಿರುವಾಗ ಮಳೆಗಾಲದಲ್ಲಿ ಕಾಳು ಮುಗಿಯುವ ಹೊತ್ತಿಗೆ ಮುಕಾದಮ ಬಂದು ಮುಂಗಡ ಕೊಡುತ್ತಾನೆ. ಸೂರತ್, ನವಸಾರಿ, ಬಾರ್ಡೋಲಿ ಕಡೆಯ ಬಯಲಿನಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಗಳು ಎದ್ದದ್ದು ೧೯೫೦ರ ದಶಕದಿಂದೀಚೆಗೆ. ಅಂದಿನಿಂದ ಗುಡ್ಡದ ಜನ ಕಬ್ಬು ಕಡಿಯಲು ಇಳಿಯುತ್ತಿದ್ದಾರೆ. ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ'. ಕಬ್ಬು ಕಡಿಯುವ ಕತ್ತಿಯ ಹೆಸರೇ ಆ ಜೋಡಿಗೂ ಹೆಸರು. ಆ ಪದ ಕೇಳಿ ನಮಗೆ ನಮ್ಮ ಕೊಯ್ಲು ನೆನಪಾಯಿತು. ಕೂಲಿ ಟನ್ನಿನ ಲೆಕ್ಕ. ಅದರಲ್ಲಿ ಮುಂಗಡವೂ ಬಡ್ಡಿಯೂ ಮುರಿದು ಉಳಿದದ್ದು ಕೈಗೆ. ಹಾಲೆಂಡಿನ ವಿದ್ವಾಂಸ ಯಾನ್ ಬ್ರೇಮನ್ ಅವರು ೧೯೭೦ರ ದಶಕದಲ್ಲಿಯೇ ಬಾರ್ಡೋಲಿಯ ಕಬ್ಬಿನ ಕೂಲಿಗಳ ಬಾಳನ್ನು ಕಂಡು ವಿವರವಾಗಿ ಬರೆದಿದ್ದಾರೆ. ಆರು ತಿಂಗಳು ಗದ್ದೆಯ ಬದಿಯ ಗುಡಿಸಲಿನಲ್ಲಿ ವಾಸ. ಮಕ್ಕಳನ್ನು ಜೊತೆಗೆ ಒಯ್ದರೆ ಶಾಲೆ ತಪ್ಪುತ್ತದೆ, ಬಿಟ್ಟು ಹೋದರೆ ಮಡಿಲು ತಪ್ಪುತ್ತದೆ. ಹೋಳಿಗೆ ಹೇಗಾದರೂ ಮಾಡಿ ಊರಿಗೆ ಬರಬೇಕೆಂದು ಆಸೆ. ಹಬ್ಬ ಮುಗಿಸಿ ಕೆಲವರು ಮತ್ತೆ ಇಳಿಯುತ್ತಾರೆ.

ನಾಲ್ಕನೆಯ ದಿನ ಮಧ್ಯಾಹ್ನ ವಘಯಿಯಿಂದ ಅದೇ ಕಿರುಬಂಡಿ ಹತ್ತಿದೆವು. ಬರುವಾಗ ಕಿಟಕಿಯಿಂದ ಕಂಡ ಅದೇ ಗದ್ದೆಗಳು, ಅದೇ ಪ್ಲಾಸ್ಟಿಕ್ ಗುಡಿಸಲುಗಳು. ಕಬ್ಬಿನ ಹೊರೆ ಹೊತ್ತ ಹೆಂಗಸರು, ಸೋಗೆ ಸುಡುವ ಹೊಗೆ, ಎತ್ತಿನ ಬಂಡಿಗಳು. ಈ ಸಲ ಹನ್ನೊಂದು ಮಂದಿಯೂ ಕಿಟಕಿಗೆ ಬಂದೆವು. ಆ ಯುವಕನ ತಂದೆ ತಾಯಿ ಎಲ್ಲಿದ್ದರೋ ನಮಗೆ ತಿಳಿಯದು. ಆದರೆ 'ಆದಿವಾಸಿ ಹಳ್ಳಿಯ ದರ್ಶನ' ನಮಗೆ ಹೋಗುವ ದಿನವೇ ಆಗಿತ್ತು. ಹಳ್ಳಿಯ ಜನವೆಲ್ಲ ಹಳಿಯ ಪಕ್ಕದಲ್ಲಿಯೇ ಇದ್ದರು. ಅಲ್ಲಿ ರುಮಾಲೂ ಪಾವ್ರಿಯೂ ಇಲ್ಲದ ಕಾರಣ ನಮಗೆ ಅವರು ಆದಿವಾಸಿಗಳಾಗಿ ಕಾಣಲಿಲ್ಲ; ಯಾರೋ ಕೂಲಿಗಳಾಗಿ ಕಂಡರು, ಅಥವಾ ಕಾಣಲೇ ಇಲ್ಲ.

ನಮ್ಮ ಮನಸ್ಸಿಗೆ ನಾಟಿದ್ದು ಇದು. ಬೆಟ್ಟದ ಮೇಲೆ ಅವರನ್ನು ನೋಡಲು ಹಣ ಕೊಡುತ್ತೇವೆ. ಬೆಟ್ಟದ ಕೆಳಗೆ ಅವರು ಎದುರಿಗೆ ಬಂದರೆ ಮುಖ ಎತ್ತಿಯೂ ನೋಡುವುದಿಲ್ಲ. ನಮ್ಮ ವಟ್ವಾದಲ್ಲಿಯೂ ಅಹಮದಾಬಾದಿನಲ್ಲಿಯೂ ರಸ್ತೆ ಅಗೆಯುವವರಲ್ಲಿ, ಕಟ್ಟಡಕ್ಕೆ ಇಟ್ಟಿಗೆ ಹೊರುವವರಲ್ಲಿ ದಾಹೋದ್, ಪಂಚಮಹಲುಗಳ ಭಿಲ್ಲರು ಎಷ್ಟು ಮಂದಿ! ನಾವೂ ಅವರೂ ಬೇರೆಯಲ್ಲ. ನಮ್ಮ ಮನೆಯ ಬಾಗಿಲಿಗೂ ಎಲ್ಲೋ ಒಂದು ಬೀಗ ಇದೆ. ನಮ್ಮನ್ನು ಯಾರಾದರೂ ವೇಷ ಹಾಕಿಸಿ ನೋಡಬೇಕೆಂದರೆ ನಮಗೆ ಒಪ್ಪಿಗೆಯಾಗುತ್ತದೆಯೆ?

ಹಾಗೆಂದು ಗುಡ್ಡಕ್ಕೆ ಹೋಗಲೇಬಾರದೆಂದು ನಾವು ಹೇಳುವುದಿಲ್ಲ. ಹೋಗಬೇಕು. ಮಾರ್ಗದರ್ಶಕನಿಗೆ ಸಿಗುವ ನಾಲ್ಕು ಕಾಸು, ಅಜ್ಜಿಯ ಅಡುಗೆಗೆ ಸಿಗುವ ಬೆಲೆ ಅವರನ್ನು ಊರಲ್ಲಿ ಉಳಿಸುವ ಹಣ. ಆ ಯುವಕ ಕಬ್ಬಿಗೆ ಹೋಗದೆ ಊರಲ್ಲಿದ್ದದ್ದು ಈ ಕೆಲಸದಿಂದಲೇ. ಆದ್ದರಿಂದ ಹೇಗೆ ಹೋಗಬೇಕೆಂಬ ಬಗ್ಗೆ ನಮಗೆ ತೋಚಿದ ಕೆಲವು ಮಾತುಗಳನ್ನು ಮುಂದಿಡುತ್ತೇವೆ.

ಮೊದಲನೆಯದು, ಜನ ಮನೆಯಲ್ಲಿರುವ ಕಾಲ ನೋಡಿ ಹೋಗಬೇಕು. ಮಳೆ ನಿಂತು ದೀಪಾವಳಿ ಬರುವುದರೊಳಗೆ ಗುಡ್ಡ ಹಸುರಾಗಿರುತ್ತದೆ, ಹೊಳೆಗಳು ತುಂಬಿರುತ್ತವೆ, ವಘಯಿಯ ಹತ್ತಿರದ ಗಿರಾ ಧೋಧ್ ಜಲಪಾತವೂ ಚೆನ್ನಾಗಿರುತ್ತದೆ. ಇಲ್ಲವಾದರೆ ಹೋಳಿಯ ಮುಂಚೆ, ಡಾಂಗ್ ದರ್ಬಾರಿನ ವಾರ. ಆಗ ಅವರು ತಮ್ಮ ಹಬ್ಬಕ್ಕೆ ತಾವೇ ಕುಣಿಯುತ್ತಾರೆ. ನಾವು ಬದಿಯಲ್ಲಿ ನಿಂತು ನೋಡಿದರೆ ಸಾಕು.

ಎರಡನೆಯದು, ಮಾರ್ಗದರ್ಶಕನನ್ನು ಆ ಸೀಮೆಯಲ್ಲಿಯೇ ಗೊತ್ತುಮಾಡಿಕೊಳ್ಳಬೇಕು. ಕಿಲಾದ್, ಮಹಾಲ್ ಶಿಬಿರಗಳಲ್ಲಿ ವಿಚಾರಿಸಿದರೆ ಸ್ಥಳೀಯರು ಸಿಗುತ್ತಾರೆ. ನಡುವಣ ಕೈ ಕಡಿಮೆಯಾದಷ್ಟೂ ಹಣ ಬೆಟ್ಟಕ್ಕೆ ಮುಟ್ಟುತ್ತದೆ.

ಮೂರನೆಯದು, ಮೊಬೈಲು. ಕೇಳದೆ ಯಾರ ಚಿತ್ರವನ್ನೂ ತೆಗೆಯಕೂಡದು. ಬೀಗ ಹಾಕಿದ ಮನೆಯ ಚಿತ್ರವನ್ನು ನಮ್ಮಲ್ಲೊಬ್ಬರು ತೆಗೆದು, ರಾತ್ರಿ ಅದು ಯುವಕನ ಮನೆಯೆಂದು ತಿಳಿದ ಮೇಲೆ ತಾವಾಗಿ ಅಳಿಸಿಹಾಕಿದರು.

ನಾಲ್ಕನೆಯದು, ಮಕ್ಕಳಿಗೆ ಪೆಪ್ಪರಮೆಂಟು ಎಸೆಯುವುದು, ಹಳೆಯ ಬಟ್ಟೆಯ ಗಂಟು ಒಯ್ಯುವುದು ಬೇಡ. ನೆಂಟರ ಮನೆಗೆ ಹೋಗುವಾಗ ಏನು ಒಯ್ಯುತ್ತೇವೋ ಅದನ್ನು ಒಯ್ಯೋಣ. ಅವರಿಂದ ಕೊಳ್ಳುವುದು ಇನ್ನೂ ಒಳ್ಳೆಯದು. ನಾಗ್ಲಿಯ ಹಿಟ್ಟು, ಹಪ್ಪಳ, ಬಿದಿರಿನ ಬುಟ್ಟಿ ಅಲ್ಲಿ ಸಿಗುತ್ತವೆ. ರಾಸಾಯನಿಕ ಗೊಬ್ಬರವಿಲ್ಲದ ಬೇಸಾಯದ ಜಿಲ್ಲೆಯೆಂದು ೨೦೨೧ರಲ್ಲಿ ಡಾಂಗನ್ನು ಸಾರಿದ್ದಾರೆ. ನಮ್ಮ ಸಂಘದ ವತಿಯಿಂದ ಕೂಡಿ ರಾಗಿ ತರಿಸಿದರೆ ಇಲ್ಲಿಯ ಎಷ್ಟೋ ಮನೆಗಳಿಗೆ ಅನುಕೂಲ.

ಐದನೆಯದು, ಮೈಯ ಮಾತು. ಜನವರಿಯ ರಾತ್ರಿ ಅಲ್ಲಿ ಚಳಿ ಬಹಳ, ಕಂಬಳಿ ಬೇಕು. ಒಣ ತೇಗದೆಲೆಯ ಮೇಲೆ ಚಪ್ಪಲಿ ಜಾರುತ್ತದೆ; ಹಿಡಿತವುಳ್ಳ ಬೂಟು ಬೇಕು. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚು ನಡೆಯುವ ಹಟ ಬೇಡ. ಯಂತ್ರದ ಮುಂದೆ ನಿಂತು ಅಭ್ಯಾಸವಾದ ಕಾಲು ಬೇರೆ, ಇಳಿಜಾರಿನಲ್ಲಿ ನಡೆಯುವ ಕಾಲು ಬೇರೆ. ನಮ್ಮಲ್ಲಿ ನಾಲ್ವರು ಮೊಣಕಾಲು ಹಿಡಿದುಕೊಂಡೇ ಬಂದರು.

ಕಡೆಯದಾಗಿ ಒಂದು ಸಂಗತಿ. ಹೊರಡುವ ಬೆಳಿಗ್ಗೆ ಯುವಕ ನಮ್ಮನ್ನು ಕೇಳಿದ: "ನೀವು ಹನ್ನೊಂದು ಮಂದಿ ಬೇರೆ ಬೇರೆ ಊರಿನವರು, ಬೇರೆ ಬೇರೆ ಕೆಲಸದವರು, ಒಟ್ಟಾದದ್ದು ಹೇಗೆ?" ನಾವು ಈ ವಾಚನಾಲಯದ ವಿಷಯ ಹೇಳಿದೆವು. ನಮ್ಮ ಭಾಷೆಯ ಪತ್ರಿಕೆಗಳನ್ನು ಒಂದು ಕೋಣೆಯಲ್ಲಿಟ್ಟು, ಯಾರು ಬಂದರೂ ಬಿಟ್ಟಿಯಾಗಿ ಓದಬಹುದು ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಭಾಷೆಯಲ್ಲಿ ಪತ್ರಿಕೆ ಇದೆ" ಎಂದಷ್ಟೇ ಅಂದ. ದೂರು ಹೇಳಿದ ಹಾಗಿರಲಿಲ್ಲ. ಅಜ್ಜಿಯ ರೊಟ್ಟಿಯನ್ನು ನಾವು ಕಂಡ ಹಾಗೆ, ಅವನು ನಮ್ಮ ಭಾಗ್ಯವನ್ನು ಕಂಡ.

ಆದಿವಾಸಿಗಳ ಮಾತುಗಳಿಗೆ ಅಕ್ಷರ ಒದಗಿಸುವ ಕೆಲಸ ಈ ರಾಜ್ಯದಲ್ಲಿಯೇ ನಡೆದಿದೆ. ಗಣೇಶ ದೇವಿಯವರು ವಡೋದರದಲ್ಲಿ ೧೯೯೬ರಲ್ಲಿ ಭಾಷಾ ಸಂಶೋಧನ ಕೇಂದ್ರವನ್ನು ಸ್ಥಾಪಿಸಿ, ತೇಜಗಢದಲ್ಲಿ ಆದಿವಾಸಿ ಅಕಾಡೆಮಿಯನ್ನು ಕಟ್ಟಿದರು. 'ಢೋಲ್' ಎಂಬ ಪತ್ರಿಕೆಯನ್ನು ಆ ಮಾತುಗಳಲ್ಲಿಯೇ ಹೊರತಂದರು. ಅದೇ ದೇವಿಯವರು, ೨೦೧೫ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಕೊಲೆ ನಡೆದ ತರುವಾಯ, ನಮ್ಮ ಧಾರವಾಡಕ್ಕೆ ಹೋಗಿ ನೆಲಸಿದರು. ನಾವು ಕೆಲಸ ಹುಡುಕಿಕೊ೦ಡು ಅಲ್ಲಿಂದ ಇಲ್ಲಿಗೆ ಬಂದೆವು. ಅವರು ಇಲ್ಲಿಂದ ಅಲ್ಲಿಗೆ ಹೋದರು. ಇದು ನಮಗೊಂದು ಋಣವೆಂದೇ ತೋರುತ್ತದೆ. ಈ ವಾಚನಾಲಯದ ಮೇಜಿನ ಮೇಲೆ, ಕನ್ನಡ ಪತ್ರಿಕೆಗಳ ಪಕ್ಕದಲ್ಲಿ, ಗುಡ್ಡದ ಜನರ ಮಾತಿನ ಒಂದೆರಡು ಪುಸ್ತಕಗಳನ್ನು ತರಿಸಿಡಬೇಕೆಂದು ನಮ್ಮ ಸೂಚನೆ. ನಮಗೆ ಓದಲು ಬಾರದಿರಬಹುದು. ಓದಬಲ್ಲವನು ಒಂದು ದಿನ ಬರಬಹುದು. ಬಾಗಿಲು ತೆರೆದೇ ಇದೆಯಲ್ಲ.

ಆ ಯುವಕ ಹೋಳಿಗೆ ಬನ್ನಿ ಎಂದಿದ್ದಾನೆ. ಆಗ ಅಪ್ಪ ಅಮ್ಮ ಮನೆಯಲ್ಲಿರುತ್ತಾರಂತೆ. ಆರು ಮಂದಿ ಹೆಸರು ಕೊಟ್ಟಿದ್ದೇವೆ. ಈ ಸಲ ಗುತ್ತಿಗೆದಾರರೂ ಇಲ್ಲ, ಕರಪತ್ರವೂ ಇಲ್ಲ. ಬರುವ ಮನಸ್ಸುಳ್ಳವರು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಬಹುದು.